ಕಪ್ಪು ಫೋರ್ಕಿನ ಎಡಗಾಲು

“ಸ್ಟೀಲು ಹೇಳದೆ ಕೇಳದೆ ಸಾಯಲ್ಲ ಮೇಡಂ. ಮೊದಲು ಕಿರುಗುಟ್ಟುತ್ತೆ, ಬಣ್ಣ ಬಿರುಕು ಬಿಡುತ್ತೆ, ತಿರುವಲ್ಲಿ ಯಾಕೋ ಹಿಂಜರಿಯುತ್ತೆ. ವಾರಗಟ್ಟಲೆ ಗೋಗರೆದರೂ ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂದ್ರೆ ಮಾತ್ರ ಮುರಿಯೋದು. ಇದು ಹೇಗೆ ಒಂದೇ ಇಳಿಜಾರಲ್ಲಿ ಲಟಕ್ ಅಂತು?”

ಪೋಸ್ಟಮ್ಮನ ಪ್ರಶ್ನೆಯನ್ನು ಇನ್ಸ್‌ಪೆಕ್ಟರ್ ಪುಸ್ತಕದಲ್ಲಿ ಬರೆದುಕೊಂಡಳು. ಮೂವತ್ತಾರು ವರ್ಷ ಸೈಕಲ್ ಮೇಲೆ ಟಪಾಲು ಹಂಚಿ ನಿವೃತ್ತಳಾದ ಹೆಂಗಸು ಪೋಸ್ಟಮ್ಮ. ಲೋಹದ ವಿಷಯದಲ್ಲಿ ಅವಳು ಬಾಯಿಗೆ ಬಂದದ್ದು ಹೇಳುವವಳಲ್ಲ.

ಗುಡ್ಡದ ಬುಡದ ಕಾಫಿ ಅಂಗಡಿಯ ಗೋಡೆಗೆ ಹತ್ತು ಹನ್ನೆರಡು ಸೈಕಲ್ ಒರಗಿದ್ದವು. ಹೋದ ಭಾನುವಾರ ಈ ಗುಂಪಿನ ಗಣಿತದ ಮೇಷ್ಟ್ರು ಇದೇ ಗುಡ್ಡ ಇಳಿಯುವಾಗ ಅವರ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಪಕ್ಕದಿಂದ ಹಿಡಿದಿರುವ ಕವಲು, ಎಡಗಾಲು ಮುರಿದುಕೊಂಡಿತ್ತು. ಆಂಬ್ಯುಲೆನ್ಸ್ ಬರುವ ಮುಂಚೆಯೇ ಮೇಷ್ಟ್ರ ಜೀವ ಹೋಗಿತ್ತು.

ಸಂಜೆ ಐದರೊಳಗೆ ವರದಿ ಬೇಕು ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದರು. ಫೋರ್ಕ್ ಮಾಡಿದವನ ಅಜಾಗರೂಕತೆ, ಸಾವಿಗೆ ಕಾರಣ. ಎರಡು ಸಾಲು, ಒಂದು ಸಹಿ, ಕಾರ್ಖಾನೆಗೆ ಬೀಗ. “ನಿನ್ನ ಭೂತಗನ್ನಡಿ ಕೆಳಗಿಡು” ಅಂತಲೂ ಅಂದಿದ್ದರು. ಯಾವುದನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುವ ಅವಳಿಗೆ ಇಲಾಖೆಯಲ್ಲಿ ಅದೇ ಅಡ್ಡಹೆಸರು.

“ಸ್ಟೀಲ್ ಫೋರ್ಕ್ ಯಾಕೆ ಬೇಕಿತ್ತು ಅಂತೀನಿ ನಾನು!” ಅದೇ ಗುಂಪಿನ ಹಲ್ಲಿನ ಡಾಕ್ಟ್ರು ಹೆಲ್ಮೆಟ್ಟನ್ನು ಮೇಜಿನ ಮೇಲೆ ಇಟ್ಟರು. “ಫ್ರೇಮು ಸ್ಟೀಲಿರಲಿ, ಬೇಡ ಅನ್ನಲ್ಲ. ನಂದೂ ಸ್ಟೀಲೇ. ಆದ್ರೆ ಫೋರ್ಕ್ ಮಾತ್ರ ಕಾರ್ಬನ್ ಫೈಬರ್. ಹಗುರ, ಗಟ್ಟಿ, ಬ್ರೇಕ್ ಹಿಡಿದ್ರೆ ಒಂಚೂರೂ ಅದುರಲ್ಲ.”

“ಅದೊಂದು ಸ್ಟೀಲ್ ಸೈಕಲ್ಲಾ? ಮೈ ಒಬ್ಬರದು, ಕಾಲು ಇನ್ನೊಬ್ಬರದು,” ಪೋಸ್ಟಮ್ಮ ಮೂಗು ಮುರಿದಳು.

“ನಿಮ್ಮದು ನೋಡ್ಕೊಳ್ಳಿ. ಕೇಬಲ್ಲೆಲ್ಲ ಹೊರಗೆ, ಬಟ್ಟೆ ಒಣಗಿಸೋ ಹಗ್ಗದ ಹಾಗೆ.”

“ಹೊರಗಿದ್ರೆ ರಸ್ತೆ ಪಕ್ಕ ನಿಂತು ಐದು ನಿಮಿಷದಲ್ಲಿ ಬದಲಾಯಿಸ್ತೀನಿ. ನಿಮ್ಮದು ಎಲ್ಲಾ ಒಳಗೆ ತುರುಕಿ ಹೊಲಿದುಬಿಟ್ಟಿದ್ದಾರೆ. ಒಂದು ತಂತಿ ಕೆಟ್ರೆ ಆಪರೇಷನ್ ಥಿಯೇಟರ್ ಬುಕ್ ಮಾಡ್ಬೇಕು.”

ಹಿಂದಿನ ಮೇಜಿನಲ್ಲಿ ಯಾರೋ ನಕ್ಕು, ಮೇಷ್ಟ್ರ ಖಾಲಿ ಕುರ್ಚಿ ಕಣ್ಣಿಗೆ ಬಿದ್ದು, ನಗು ನುಂಗಿಕೊಂಡರು.

ಇನ್ಸ್‌ಪೆಕ್ಟರ್ ಪುಸ್ತಕ ಮುಂದೆ ತಳ್ಳಿದಳು. “ನನಗೆ ಸೈಕಲ್ ಅಂದ್ರೆ ಎರಡು ಚಕ್ರ, ಒಂದು ಬೆಲ್ಲು. ಬಿಡಿಸಿ ಹೇಳಿ.”

ಪೋಸ್ಟಮ್ಮ ಪೆನ್ನು ತಗೊಂಡು ಒಂದು ಕವಲು ಬರೆದಳು. “ಹಳೇ ಬ್ರೇಕು ಚಕ್ರದ ಅಂಚನ್ನ ಮೇಲಿಂದ ಹಿಸುಕುತ್ತೆ. ಭಾರ ಇಲ್ಲಿ, ಭುಜಕ್ಕೆ. ಕಾಲು ಎಷ್ಟು ಸಪೂರ ಇದ್ರೂ ನಡೆಯುತ್ತೆ. ಸಪೂರ ಇದ್ರೇನೇ ಚಂದ, ಗುಂಡಿ ಬಂದ್ರೆ ಬಳುಕುತ್ತೆ, ಅಂಗೈ ನೋಯಲ್ಲ. ಡಿಸ್ಕ್ ಬ್ರೇಕು ಹಂಗಲ್ಲ. ಅದರ ಹಿಡಿತ ಇಲ್ಲಿ, ಎಡಗಾಲಿನ ಪಾದದ ಹತ್ತಿರ. ನೀವು ಇಳಿಜಾರಲ್ಲಿ ಬ್ರೇಕ್ ಅದುಮಿದ್ರೆ ನಿಮ್ಮ ಅಷ್ಟೂ ಭಾರ ಈ ಒಂದು ಕಾಲಿಗೆ.”

“ಮೇಷ್ಟ್ರಿಗೆ ಎರಡೂ ಬೇಕಿತ್ತು,” ಡಾಕ್ಟ್ರು ಈಗ ಮೆಲ್ಲಗೆ ಹೇಳಿದರು. “ಸ್ಟೀಲ್ ಫೋರ್ಕೂ ಇರ್ಬೇಕು, ಡಿಸ್ಕೂ ಇರ್ಬೇಕು, ದಪ್ಪ ಟೈರೂ ಹಿಡೀಬೇಕು. ನಮಗೆಲ್ಲ ನಲವತ್ತು ವರ್ಷದಿಂದ ಸೈಕಲ್ ಕಟ್ಟಿಕೊಡೋ ಬೆಸುಗೆ ಅಜ್ಜ ಮೂರು ವರ್ಷ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ‘ಕಾಲು ದಪ್ಪ ಮಾಡಿದ್ರೆ ಅದು ಸೈಕಲ್ಲಲ್ಲ, ಕುರ್ಚಿ’ ಅಂತಿದ್ರು.”

“ಆಮೇಲೆ?”

“ಈ ವರ್ಷ ಇದ್ದಕ್ಕಿದ್ದ ಹಾಗೆ ಹೂಂ ಅಂದ್ಬಿಟ್ರು. ನಾವೆಲ್ಲ ಬಾಯಿ ಮೇಲೆ ಬೆರಳಿಟ್ಕೊಂಡ್ವಿ.”

ನಲವತ್ತು ವರ್ಷ ಒಂದೇ ಮಾತಿಗೆ ಅಂಟಿಕೊಂಡ ಮನುಷ್ಯ ಇದ್ದಕ್ಕಿದ್ದಂತೆ ಬದಲಾಗುವುದಿಲ್ಲ. ಅಂಥ ಕಡೆ ಸಾಮಾನ್ಯವಾಗಿ ಹೂಂ ಅಂದವರೇ ಬೇರೆಯವರಾಗಿರುತ್ತಾರೆ. ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡು ಗೆರೆ ಎಳೆದಳು.

“ಇನ್ನೊಂದು ವಿಷ್ಯ,” ಪೋಸ್ಟಮ್ಮ ಪೆನ್ನು ವಾಪಸ್ ಕೊಡಲಿಲ್ಲ. “ಮೇಷ್ಟ್ರ ಕಿವಿ ಹಾವಿನ ಕಿವಿ. ಪ್ರತಿ ಭಾನುವಾರ ಹೊರಡೋ ಮುಂಚೆ ಸೈಕಲ್ಲನ್ನ ಒಂದು ಗೇಣು ಎತ್ತಿ ನೆಲಕ್ಕೆ ಕುಕ್ತಿದ್ರು. ಎಲ್ಲಿ ಏನು ಸಡಿಲ ಅಂತ ಸದ್ದಲ್ಲೇ ಹೇಳ್ತಿದ್ರು. ಆ ಭಾನುವಾರಾನೂ ಕುಕ್ಕಿದ್ರು, ನಾನು ಪಕ್ಕದಲ್ಲೇ ಇದ್ದೆ. ಏನೂ ಇರಲಿಲ್ಲ. ಅವರು ಆ ಫೋರ್ಕ್ ಹಾಕಿಸ್ಕೊಂಡು ನಾಲ್ಕು ತಿಂಗಳಾಗಿತ್ತು ಮೇಡಂ. ನಾಲ್ಕು ತಿಂಗಳು ತೆಪ್ಪಗಿದ್ದ ಬಿರುಕು ಒಂದು ಬೆಳಿಗ್ಗೆ ಎದ್ದು ಬರುತ್ತಾ?”

ಬರುವುದಿಲ್ಲ. ಹಾಗಾದರೆ ಆ ಫೋರ್ಕ್ ನಾಲ್ಕು ತಿಂಗಳಿಂದ ಅಲ್ಲಿ ಇರಲೇ ಇಲ್ಲ.

ಇನ್ಸ್‌ಪೆಕ್ಟರ್ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಳು.

*

ಬೆಸುಗೆ ಅಜ್ಜನ ಕಾರ್ಖಾನೆ ಒಂದೇ ಉದ್ದನೆಯ ಕೋಣೆ. ಗೋಡೆಯ ತುಂಬ ಸ್ಟೀಲ್ ಕೊಳವೆಗಳು, ಬೆರಳಿನಷ್ಟು ಸಣ್ಣದರಿಂದ ಮಣಿಕಟ್ಟಿನಷ್ಟು ದಪ್ಪದವರೆಗೆ, ಸಾಲಾಗಿ ತೂಗುಬಿದ್ದಿದ್ದವು. ಕಿಟಕಿಯ ಕೆಳಗೆ ಕೆಲಸದ ಹಲಗೆ. ಹಿಂಬದಿಯ ಗೋಡೆಯಲ್ಲಿ ಒಂದು ದೊಡ್ಡ ಮೊಳೆ, ಅದರ ತುಂಬ ಕೆಟ್ಟ ಕೊಳವೆ, ಸೊಟ್ಟ ಕವಲು. ಕೋಣೆಗೆ ಸುಟ್ಟ ಹಿತ್ತಾಳೆಯ ವಾಸನೆ ಹಿಡಿದಿತ್ತು.

ಅಜ್ಜ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

“ಬರ್ಕೊಳ್ಳಿ,” ಎಂದ, ಅವಳು ಬಾಯಿ ತೆರೆಯುವ ಮುಂಚೆಯೇ. “ಫೋರ್ಕ್ ಮಾಡಿದ್ದು ನಾನು. ಬೆಸುಗೆ ಹಾಕಿದ್ದು ನಾನು. ತಪ್ಪು ನಂದು. ಮಗಳಿಗೂ ಇದಕ್ಕೂ ಸಂಬಂಧ ಇಲ್ಲ.”

ಮಗಳು ಹಲಗೆಯ ಹತ್ತಿರ ನಿಂತಿದ್ದಳು. ನಲವತ್ತರ ಹತ್ತಿರದ ಹೆಂಗಸು. ಮುಂಗೈ ಮೇಲೆ ಸಾಸಿವೆ ಸಿಡಿದಂತೆ ಸಣ್ಣ ಸಣ್ಣ ಸುಟ್ಟ ಕಲೆ. ಒಂದು ವಾರದಿಂದ ನಿದ್ದೆ ಕಂಡಿರದ ಕಣ್ಣು.

“ಸರಿ,” ಎಂದಳು ಇನ್ಸ್‌ಪೆಕ್ಟರ್. “ನನ್ನ ಮುಂದೆ ಒಂದು ಬೆಸುಗೆ ಹಾಕಿ ತೋರಿಸಿ ಅಜ್ಜ. ಎರಡು ಚೂರು ಕೊಳವೆ ಸಾಕು.”

“ಈಗ್ಯಾಕೆ?”

“ವರದಿಗೆ ಬೇಕು.”

ಅಜ್ಜ ತೊಡೆಯ ಕೆಳಗಿಂದ ಕೈ ತೆಗೆದ. ಎದ್ದು ಹಲಗೆಯ ಹತ್ತಿರ ಹೋಗಿ ಗ್ಯಾಸ್ ತಿರುಗಿಸಿ ಕಿಡಿ ಹೊಡೆದ. ನೀಲಿ ಜ್ವಾಲೆ ಬುಸ್ ಎಂದಿತು. ಕೊಳವೆಗಳು ಕೆಂಪಗಾಗುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಹಿತ್ತಾಳೆ ಕಡ್ಡಿಯನ್ನು ಸಂದಿಗೆ ಮುಟ್ಟಿಸಬೇಕು. ಕಡ್ಡಿಯ ತುದಿ ಸಂದಿಯ ಈಚೆ ಬಂತು, ಆಚೆ ಹೋಯಿತು, ಮತ್ತೆ ಈಚೆ ಬಂತು. ಕರಗಿದ ಹಿತ್ತಾಳೆಯ ಹನಿಯೊಂದು ಸಂದಿ ತಪ್ಪಿ ಅಜ್ಜನ ಚಪ್ಪಲಿಯ ಪಕ್ಕದಲ್ಲಿ ಬಿದ್ದು ಚಟ್ ಎಂದಿತು.

“ಸಾಕು ಅಪ್ಪ.” ಮಗಳು ಅವನ ಕೈಯಿಂದ ಉರಿಯುವ ನಳಿಕೆಯನ್ನು ತೆಗೆದುಕೊಂಡು ಆರಿಸಿದಳು. ಕೂಸಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ, ಗದರದೆ.

“ಎಷ್ಟು ದಿನದಿಂದ?” ಇನ್ಸ್‌ಪೆಕ್ಟರ್ ಕೇಳಿದಳು.

“ಎರಡು ವರ್ಷ ಆಯ್ತು. ಗಿರಾಕಿಗಳಿಗೆ ಅಪ್ಪನ ಕೈ ಬೇಕು. ಅದಕ್ಕೆ ಅವರು ಮುಂದೆ ಕೂತ್ಕೊಂಡು ಮಾತಾಡ್ತಾರೆ, ನಾನು ಹಿಂದೆ ಬೆಸೀತೀನಿ. ಡಿಸ್ಕ್ ಫೋರ್ಕ್‌ಗೆ ಹೂಂ ಅಂದವಳೂ ನಾನೇ.”

“ಪುಟ್ಟೀ, ಬಾಯಿ ಮುಚ್ಚು!”

“ಎಷ್ಟು ದಿನ ಮುಚ್ಚಲಿ? ಆ ಫೋರ್ಕ್ ಮಾಡಿದ್ದು ನಾನು ಮೇಡಂ. ನಾನು ಹಾಕಿದ ಬೆಸುಗೆ ಕಿತ್ಕೊಂಡೇ ಅವರು ಸತ್ರು. ನನ್ನ ಕರ್ಕೊಂಡು ಹೋಗಿ. ಇವರನ್ನ ಬಿಟ್ಬಿಡಿ.”

ಅಪ್ಪ ಮಗಳು ಒಬ್ಬರ ಮುಂದೊಬ್ಬರು ಕೈಯೊಡ್ಡಿ ನಿಂತಿದ್ದರು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದಳು. ಎರಡೂಕಾಲು ಗಂಟೆ. ಚೀಲದಿಂದ ಪ್ಲಾಸ್ಟಿಕ್ ಸುತ್ತಿದ ಫೋರ್ಕನ್ನು ತೆಗೆದು ಹಲಗೆಯ ಮೇಲೆ ಇಟ್ಟಳು. “ನೀವು ಇದನ್ನ ಇನ್ನೂ ನೋಡಿಲ್ಲ ಅಲ್ವಾ? ನೋಡಿ.”

ಮಗಳು ಮುಟ್ಟಲು ಹೆದರಿದಳು. ಆಮೇಲೆ ಬಾಗಿದಳು. ಬಾಗಿದವಳು ಹಾಗೇ ನಿಂತುಬಿಟ್ಟಳು.

ಕಪ್ಪು ಬಣ್ಣದ ಎರಡು ಕಾಲು. ಬಲಗಾಲು ನೆಟ್ಟಗಿತ್ತು. ಎಡಗಾಲು ಪಾದದಿಂದ ನಾಲ್ಕು ಬೆರಳು ಮೇಲೆ ತುಂಡಾಗಿತ್ತು. ತುಂಡಾದ ಅಂಚಿನ ಒಳಮೈಯಲ್ಲಿ, ಯಾರೋ ಕಚ್ಚಿದ ಹಾಗೆ, ಒಂದು ಅರ್ಧಚಂದ್ರ.

“ಇದು ಅದಲ್ಲ,” ಎಂದಳು.

“ಯಾವುದಲ್ಲ?”

“ನಾನು ಮೇಷ್ಟ್ರಿಗೆ ಕೊಟ್ಟ ಫೋರ್ಕ್ ಇದಲ್ಲ. ಇಲ್ನೋಡಿ, ಈ ಅರ್ಧ ತೂತು.” ಬೆರಳು ಆ ಅರ್ಧಚಂದ್ರದ ಮೇಲೆ ನಿಂತಿತು. “ಕೊಳವೆ ಎರಡೂ ಕಡೆ ಮುಚ್ಚಿ ಕಾಯಿಸಿದ್ರೆ ಒಳಗಿನ ಗಾಳಿ ಹಿಗ್ಗಿ ಕರಗಿದ ಹಿತ್ತಾಳೆಯನ್ನ ಹೊರಗೆ ಉಗಿಯುತ್ತೆ. ಅದಕ್ಕೆ ಕಡ್ಡಿ ಗಾತ್ರದ ಒಂದು ತೂತು ಕೊರೀತೀವಿ, ಗಾಳಿ ಹೋಗೋಕೆ. ಅಪ್ಪ ಯಾವತ್ತೂ ಪಾದದಿಂದ ನಾಲ್ಕು ಬೆರಳು ಮೇಲೆ, ಒಳಗಡೆ ಕೊರೆಯೋರು. ಹಳೇ ಬ್ರೇಕ್‌ಗೆ ಆ ಜಾಗದಲ್ಲಿ ಭಾರಾನೇ ಬೀಳಲ್ಲ. ನನ್ನ ಕೈಗೂ ಅದೇ ರೂಢಿ. ಮೊದಲನೇ ಡಿಸ್ಕ್ ಫೋರ್ಕ್ ಮಾಡುವಾಗ ಯೋಚನೆ ಮಾಡದೆ ಅಲ್ಲೇ ಕೊರೆದುಬಿಟ್ಟೆ. ಬಣ್ಣ ಹೊಡೆದು ಒಣಗಿದ ಮೇಲೆ ಹೊಳೀತು, ಬ್ರೇಕ್ ಕೂರೋದು ಸರಿಯಾಗಿ ಅದರ ಬೆನ್ನಿಗೇ ಅಂತ.”

“ಆಮೇಲೆ?”

“ಅದನ್ನ ಕೆಟ್ಟದ್ದು ಅಂತ ಆ ಮೊಳೆಗೆ ಹಾಕಿದೆ. ಆಮೇಲಿನದಕ್ಕೆಲ್ಲ ತೂತು ಮೇಲೆ, ಭುಜದಲ್ಲಿ. ಮೇಷ್ಟ್ರಿಗೆ ಕೊಟ್ಟಿದ್ದು ಅಂಥಾದ್ದೇ. ಆ ಭಾನುವಾರದ ಮುಂಚಿನ ಗುರುವಾರ ಬ್ರೇಕಿನ ಎಣ್ಣೆ ಬದಲಿಸೋಕೆ ಅವರು ಸೈಕಲ್ ಇಲ್ಲಿ ಬಿಟ್ಟಿದ್ರು. ನಾನೇ ಕೈಯಾರೆ ಕಾಲು ಒರೆಸಿದೆ. ತೂತಿರಲಿಲ್ಲ. ಶನಿವಾರ ಬಂದು ತಗೊಂಡು ಹೋದ್ರು.”

“ಇದೇ ಆ ಮೊಳೆ ಮೇಲಿನ ಫೋರ್ಕ್ ಅಂತ ಹೇಗೆ ನಂಬಲಿ?”

“ಗಾಯ ಇರುತ್ತೆ!” ಮಗಳ ಗಂಟಲಿಗೆ ಒಮ್ಮೆಲೇ ಜೀವ ಬಂತು. “ಇಲ್ಲಿ ಕೆಟ್ಟ ಸಾಮಾನಿಗೆಲ್ಲ ಒಂದು ಗಾಯ ಮಾಡ್ತೀವಿ. ಲೋಹ ಉಜ್ಜೋ ಅರ ಇದೆಯಲ್ಲ, ಮೂರು ಮೂಲೆಯ ಅರ, ಅದರಿಂದ ಒಂದು ಗೀರು. ಕೈತಪ್ಪಿ ಯಾರೂ ಉಪಯೋಗಿಸಬಾರದು ಅಂತ. ಫೋರ್ಕಾದ್ರೆ ಈ ಮೇಲಿನ ಕೊಳವೆಯ ಬುಡದಲ್ಲಿ. ಫ್ರೇಮಿನ ಒಳಗೆ ಹೋಗೋ ಭಾಗ ಇದು. ಗ್ರೀಸ್ ಹಾಕೋಕೆ ಬಿಚ್ಚಿದವರಿಗೆಲ್ಲ ಕಾಣುತ್ತೆ.”

ಇನ್ಸ್‌ಪೆಕ್ಟರ್ ಫೋರ್ಕನ್ನು ತಿರುಗಿಸಿದಳು. ಕೊಳವೆಯ ಬುಡ ಕಪ್ಪಗೆ, ನುಣ್ಣಗೆ ಇತ್ತು. ಸುತ್ತಲೂ ಬೆರಳಾಡಿಸಿದಳು. ಗೀರಿಲ್ಲ, ಕಚ್ಚಿಲ್ಲ.

“ಏನೂ ಇಲ್ಲವಲ್ಲಮ್ಮ.”

ಮಗಳೂ ಬೆರಳಾಡಿಸಿದಳು, ಒಂದು ಸಲ, ಎರಡು ಸಲ. ಇನ್ಸ್‌ಪೆಕ್ಟರ್‌ಗೆ ಒಳಗೊಳಗೇ ಬೇಸರವಾಯಿತು. ಇಷ್ಟು ಹೊತ್ತು ನಂಬಿದ್ದಳು. ಸಿಕ್ಕಿಬಿದ್ದವರು ಕೊನೇ ಗಳಿಗೆಯಲ್ಲಿ ಹೇಳುವ ಕಥೆಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು.

“ತಡೀರಿ,” ಮಗಳು ಪಿಸುಗುಟ್ಟಿದಳು. “ನಾವು ಇಲ್ಲಿ ಬಣ್ಣ ಹೊಡೆಯಲ್ಲ.”

“ಏನಂದ್ರಿ?”

“ಈ ಜಾಗಕ್ಕೆ ಬಣ್ಣ ಹೊಡೆಯೋದೇ ಇಲ್ಲ ಮೇಡಂ. ಒಳಗೆ ಹೋಗೋದು, ಬಣ್ಣ ಇದ್ರೆ ಬಿಗಿಯಾಗುತ್ತೆ. ಬರೀ ಲೋಹ, ಬರೀ ಗ್ರೀಸು. ಬೇಕಾದ್ರೆ ಗೋಡೆ ಮೇಲಿರೋ ಯಾವ ಫೋರ್ಕ್ ಬೇಕಾದ್ರೂ ನೋಡಿ.”

ಇನ್ಸ್‌ಪೆಕ್ಟರ್ ಎದ್ದು ಹೋಗಿ ನೋಡಿದಳು. ಒಂದಲ್ಲ, ಆರು ಫೋರ್ಕ್. ಆರರ ಬುಡವೂ ಬಿಳಿ ಲೋಹ.

ವಾಪಸ್ ಬಂದು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡಳು. ಆಮೇಲೆ ಉಪ್ಪುಕಾಗದದ ಚೂರೊಂದನ್ನು ತಾನೇ ಹಿಡಿದು ಮೆಲ್ಲಗೆ ಉಜ್ಜಿದಳು. ಕಪ್ಪು ಪುಡಿ ಉದುರಿತು. ಅದರ ಕೆಳಗೆ ಬಿಳಿ. ಬಿಳಿಯ ನಡುವೆ, ಉಗುರಿನ ಅಂಚಿನಷ್ಟು ಅಗಲ, ಹಳದಿ ಗೆರೆ.

ಹಿತ್ತಾಳೆ.

ಯಾರೋ ಆ ಗಾಯಕ್ಕೆ ಹಿತ್ತಾಳೆ ತುಂಬಿ, ಅರದಿಂದ ಸಮ ಮಾಡಿ, ಬಣ್ಣ ಬಳಿದಿದ್ದರು. ಕೈತಪ್ಪಿನಿಂದ ಆಗುವ ಕೆಲಸ ಅದಲ್ಲ. ಈ ಫೋರ್ಕ್ ಕೆಟ್ಟದ್ದು ಎಂದು ಗೊತ್ತಿದ್ದವರು, ಕೆಟ್ಟದ್ದು ಎಂದು ಇನ್ನೊಬ್ಬರಿಗೆ ಗೊತ್ತಾಗದಿರಲಿ ಎಂದು ಮಾಡಿದ ಕೆಲಸ.

ಮಗಳು ಕುಸಿದು ನೆಲದ ಮೇಲೆಯೇ ಕೂತಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ, ಬೆನ್ನು ಅದುರುವ ಹಾಗೆ ಅತ್ತಳು. “ಒಂದು ವಾರ… ಕಣ್ಣು ಮುಚ್ಚಿದ್ರೆ ಸಾಕು, ನಾನೇ ಅವರನ್ನ ತಳ್ಳಿದ ಹಾಗೆ…”

ಇನ್ಸ್‌ಪೆಕ್ಟರ್ ಅವಳನ್ನು ಅಳಲು ಬಿಟ್ಟಳು. ಐದು ಗಂಟೆಯ ವರದಿ ಅಲ್ಲಿಗೆ ಸತ್ತಿತ್ತು. ಇದು ಅಜಾಗರೂಕತೆ ಅಲ್ಲ, ಕೊಲೆ.

“ಇಷ್ಟು ನಾಜೂಕಾಗಿ ಈ ಗಾಯ ಮುಚ್ಚೋ ಕೈ ಯಾರಿಗಿದೆ?” ಎಂದು ಕೇಳಿದಳು, ಯಾರನ್ನೂ ನೋಡದೆ.

“ಅದು ಮೇಷ್ಟ್ರ ಕೈ,” ಎಂದ ಅಜ್ಜ.

ಅವನು ಯಾವಾಗಲೋ ಮತ್ತೆ ಬಾಗಿಲ ಪಕ್ಕದ ಸ್ಟೂಲಿಗೆ ಹೋಗಿ ಕೂತಿದ್ದ.

“ಮೇಷ್ಟ್ರಾ?” ಮಗಳು ತಲೆ ಎತ್ತಿದಳು.

“ಮೂರು ವರ್ಷ ಪ್ರತಿ ಶನಿವಾರ ಬಂದು ಕಲಿತ್ರಲ್ಲ. ‘ನಿಮ್ಮ ನಂತರ ಈ ಹಲಗೆ ನನಗೇ’ ಅಂತಿದ್ರು. ಬೆಸುಗೆ ಚೆನ್ನಾಗೇ ಬಂತು. ಅರ ಮಾತ್ರ ಕೊನೆವರೆಗೂ ಬರ್ಲಿಲ್ಲ. ಅರ ಮುಂದಕ್ಕೆ ತಳ್ಳಿದಾಗ ಮಾತ್ರ ಕೊರೆಯುತ್ತೆ, ವಾಪಸ್ ಬರುವಾಗ ಎತ್ಕೊಂಡು ಬರ್ಬೇಕು. ಅವರು ಎಳ್ಕೊಂಡೇ ಬರ್ತಿದ್ರು, ಕರಿಹಲಗೆ ಒರೆಸಿದ ಹಾಗೆ. ‘ಎಳೀಬೇಡಿ ಮೇಷ್ಟ್ರೇ, ಎಳೀಬೇಡಿ’ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಅವರು ಉಜ್ಜಿದ ಜಾಗದಲ್ಲಿ ಗೆರೆ ಜೋಡಿಜೋಡಿಯಾಗಿ ಇರುತ್ತೆ.”

ಮಗಳು ಎದ್ದು ಮಸೂರ ತಗೊಂಡು ಹಳದಿ ಗೆರೆಯ ಮೇಲೆ ಹಿಡಿದಳು. ತುಂಬ ಹೊತ್ತು ನೋಡಿದಳು. “ಹೌದು,” ಎಂದಳು. “ಜೋಡಿ ಗೆರೆ. ಆದ್ರೆ ಇದರಲ್ಲಿ ಅರ್ಥಾನೇ ಇಲ್ಲ ಅಪ್ಪ. ತಾವೇ ಏರೋ ಸೈಕಲ್‌ಗೆ ಯಾರಾದ್ರೂ…”

ಇನ್ಸ್‌ಪೆಕ್ಟರ್ ಹಳದಿ ಗೆರೆಯತ್ತ ಬಾಗಿದಳು. ಗುರುತನ್ನು ಯಾರೂ ತನ್ನ ಕಣ್ಣಿಂದಲೇ ಮುಚ್ಚಿಡುವುದಿಲ್ಲ. ಮೇಷ್ಟ್ರು ಅದನ್ನು ಮುಚ್ಚಿದ್ದು ಬೇರೊಬ್ಬರಿಗೆ ಕಾಣದಿರಲಿ ಎಂದು. ಫೋರ್ಕನ್ನು ಬಿಚ್ಚಿ ಗ್ರೀಸ್ ಹಾಕುವವರು, ಈ ಗಾಯ ಕಂಡರೆ ಅದರ ಅರ್ಥ ತಿಳಿಯುವವರು.

ಆದರೆ ಅವಳನ್ನು ಈಗ ಕುಟುಕುತ್ತಿದ್ದದ್ದು ಬೇರೆ. ಮಗಳಿಗೆ ಆ ಗೆರೆ ಕಾಣಲು ಮಸೂರ ಬೇಕಾಯಿತು. ಅಜ್ಜ ಆರು ಹೆಜ್ಜೆ ಆಚೆ ಕೂತಿದ್ದ. ಅವನ ಕನ್ನಡಕ ಅಂಗಿಯ ಜೇಬಿನಲ್ಲಿತ್ತು.

ಅವಳು ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಅಜ್ಜ, ನೀವು ಇದನ್ನ ಇವತ್ತು ನೋಡೇ ಇಲ್ಲ.”

ಅಜ್ಜ ಕಿಟಕಿಯ ಕಡೆ ನೋಡುತ್ತಿದ್ದ.

“ಮೊದಲು ಯಾವಾಗ ನೋಡಿದ್ರಿ?”

ಹೊರಗೆ ಯಾವುದೋ ಗಾಡಿ ಹೋಯಿತು. ಗೋಡೆಯ ಕೊಳವೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಝಣಗುಟ್ಟಿ ಸುಮ್ಮನಾದವು.

“ಶುಕ್ರವಾರ.”

“ಯಾವ ಶುಕ್ರವಾರ?”

“ಅವರು ಬೀಳೋಕೆ ಎರಡು ದಿನ ಮುಂಚೆ.”

“ಅಪ್ಪಾ?” ಮಗಳ ಕೈಯಿಂದ ಮಸೂರ ಹಲಗೆಯ ಮೇಲೆ ಉರುಳಿತು. “ನೋಡಿದ್ರಾ? ನೋಡಿದ್ದೂ ಅವರನ್ನ ಅದರ ಮೇಲೆ ಹೋಗೋಕೆ ಬಿಟ್ರಾ?”

ಇನ್ಸ್‌ಪೆಕ್ಟರ್ ಕೈ ಎತ್ತಿ ಅವಳನ್ನು ತಡೆದಳು. “ಎಲ್ಲಿ ನೋಡಿದ್ರಿ ಅಜ್ಜ? ಮೇಷ್ಟ್ರ ಸೈಕಲ್‌ನಲ್ಲಾ?”

ಅಜ್ಜ ತಲೆ ಅಲ್ಲಾಡಿಸಿದ. ತೊಡೆಯ ಕೆಳಗಿಂದ ಕೈ ಈಚೆ ಬಂತು. ನಡುಗುವ ಬೆರಳು ಬಾಗಿಲಾಚೆಗೆ ತೋರಿಸಿತು. ಅಲ್ಲಿ ಗೋಡೆಗೆ ಒರಗಿ, ಹ್ಯಾಂಡಲ್‌ಗೆ ಊಟದ ಡಬ್ಬಿಯ ಚೀಲ ಸಿಕ್ಕಿಸಿಕೊಂಡು, ಮಗಳು ದಿನಾ ಗುಡ್ಡ ಹತ್ತಿ ಇಳಿದು ಕೆಲಸಕ್ಕೆ ಬರುವ ಸೈಕಲ್ ನಿಂತಿತ್ತು.

“ಪುಟ್ಟೀದ್ರಲ್ಲಿ,” ಎಂದ.

ಮಗಳು ಬಾಗಿಲ ಕಡೆ ತಿರುಗಿದಳು.

“ಬ್ರೇಕ್ ಕಿರುಗುಟ್ತಿದೆ ಅಂತ ಇವಳು ಅಂದ್ಲು. ಇವಳು ಊಟಕ್ಕೆ ಹೋದಾಗ ನಾನೇ ಬಿಚ್ಚಿದೆ. ಕೈ ನಡುಗಿದ್ರೂ ಸ್ಪ್ಯಾನರ್ ತಿರುಗಿಸೋಕೆ ಬರುತ್ತೆ. ಬಿಚ್ಚಿದ ಕೂಡ್ಲೇ ಬಣ್ಣ ಕಂಡ್ತು. ಬಣ್ಣ ಕೆರೆದೆ, ಜೋಡಿ ಗೆರೆ ಕಂಡ್ತು. ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ಆಮೇಲೆ ಅಷ್ಟಕ್ಕೂ ಮತ್ತೆ ಬಣ್ಣ ಬಳಿದೆ.”

“ಮೇಷ್ಟ್ರು ನನ್ನನ್ನ…” ಮಗಳ ತುಟಿ ಮಾತ್ರ ಆಡುತ್ತಿತ್ತು. “ಯಾಕಪ್ಪ? ನಾನು ಅವರಿಗೆ ಏನು ಮಾಡಿದ್ದೆ?”

ಅಜ್ಜ ಮಗಳ ಮುಖ ನೋಡಲಿಲ್ಲ. ಇನ್ಸ್‌ಪೆಕ್ಟರ್‌ನ ಕಣ್ಣಲ್ಲಿ ಕಣ್ಣಿಟ್ಟ, ಬಂದಾಗಿನಿಂದ ಮೊದಲ ಬಾರಿಗೆ.

“ಮೇಷ್ಟ್ರ ಸೈಕಲ್ ಪಕ್ಕದಲ್ಲೇ ಇತ್ತು,” ಎಂದ. “ಎರಡೂ ಡಿಸ್ಕ್ ಫೋರ್ಕ್, ಎರಡೂ ಕಪ್ಪು, ಎರಡೂ ಒಂದೇ ಅಳತೆ. ಅವರದನ್ನ ಅವರಿಗೇ ವಾಪಸ್ ಕೊಟ್ಟೆ ಮೇಡಂ.”